ಫ್ಯಾಸ್ ನೋಡಲು ಹಾಕಿದ ಪ್ರತಿಕಾಯವೇ ಜೀವಕೋಶಗಳನ್ನು ಕೊಂದಿತೇ?

ಮಿಂಚುಹುಳ
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಎರಡು ವಾರದಿಂದ ಒಂದೇ ಪ್ರಯೋಗದಲ್ಲಿ ಸಿಕ್ಕಿಕೊಂಡಿದ್ದೇನೆ, ಅನುಭವ ಇರುವವರು ದಾರಿ ತೋರಿಸಬೇಕು.

ಫ್ಯಾಸ್ ಅಂದರೆ ಸಿಡಿ95 ಗ್ರಾಹಕ ಜೀವಕೋಶದ ಮೇಲ್ಮೈಯಲ್ಲಿ ಎಷ್ಟಿದೆ ಎಂದು ಫ್ಲೋ ಸೈಟೋಮೀಟರ್‌ನಲ್ಲಿ, ಅಂದರೆ ಒಂದೊಂದೇ ಕೋಶದ ಹೊಳಪನ್ನು ಲೇಸರ್‌ನಿಂದ ಅಳೆಯುವ ಯಂತ್ರದಲ್ಲಿ, ಅಳೆಯಬೇಕು. ಎರಡು ಬಗೆಯ ಕೋಶಗಳಿವೆ. ಒಂದು ಜರ್ಕಾಟ್, ದ್ರವದಲ್ಲಿ ತೇಲುತ್ತಾ ಬೆಳೆಯುವಂಥದ್ದು. ಇನ್ನೊಂದು ಎಚ್‌ಟಿ-29, ತಟ್ಟೆಗೆ ಅಂಟಿಕೊಂಡು ಬೆಳೆಯುವ ಕರುಳಿನ ಕ್ಯಾನ್ಸರ್ ಕೋಶ. ಪಿಇ ಬಣ್ಣ ಕಟ್ಟಿದ ಆಂಟಿ-ಫ್ಯಾಸ್ ಹಾಕಿದಾಗ ಜರ್ಕಾಟ್‌ನಲ್ಲಿ ಹಿಸ್ಟೋಗ್ರಾಮ್ ಚೆನ್ನಾಗಿ ಬಲಕ್ಕೆ ಸರಿಯಿತು, ಅಂದರೆ ಹೊಳಪು ಏರಿತು. ಎಚ್‌ಟಿ-29ರಲ್ಲಿ ಸರಿದದ್ದು ಅಷ್ಟಕ್ಕಷ್ಟೆ. ಇಂಟರ್‌ಫೆರಾನ್ ಗಾಮಾ 24 ಗಂಟೆ ಕೊಟ್ಟರೆ ಫ್ಯಾಸ್ ಏರುತ್ತದೆ ಎಂದು ಓದಿದ್ದೆ, ಕೊಟ್ಟೆ, ಆದರೂ ಕದಲಲಿಲ್ಲ.

ಅಷ್ಟರಲ್ಲಿ ಪಿಇ ಪ್ರತಿಕಾಯ ಮುಗಿಯಿತು. ಫ್ರಿಜ್‌ನಲ್ಲಿ ಬಣ್ಣ ಕಟ್ಟದ ಹಳೆಯ ಆಂಟಿ-ಫ್ಯಾಸ್ ವಯಲ್ ಒಂದಿತ್ತು. ಅದನ್ನು ಜರ್ಕಾಟ್‌ಗೆ ಹಾಕಿ, ಮೇಲೆ ಎಫ್‌ಐಟಿಸಿ ಬಣ್ಣದ ಸೆಕೆಂಡರಿ, ಅಂದರೆ ಮೊದಲ ಪ್ರತಿಕಾಯಕ್ಕೇ ಅಂಟುವ ಎರಡನೇ ಪ್ರತಿಕಾಯ ಹಾಕಿದೆ. ಯಂತ್ರದ ಮುಂದೆ ಸರದಿ ಉದ್ದವಿತ್ತು. ಕೋಶಗಳು ಹೊರಗೆ ನರಳುವುದು ಬೇಡ ಎಂದು ಟ್ಯೂಬುಗಳನ್ನು 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಮೂರು ಗಂಟೆ ಇಟ್ಟೆ. ಆಮೇಲೆ ಸಾಯುತ್ತಿರುವ ಕೋಶಗಳಿಗೆ ಅಂಟುವ ಅನೆಕ್ಸಿನ್ ಹಾಕಿ ನೋಡಿದರೆ, ಸ್ಟೈನ್ ಮಾಡಿದ ಟ್ಯೂಬಿನಲ್ಲಿ ಸಾಯುತ್ತಿರುವ ಕೋಶಗಳೇ ತುಂಬಿವೆ. ಪಕ್ಕದಲ್ಲೇ ಇದ್ದ, ಸ್ಟೈನ್ ಮಾಡದ ಟ್ಯೂಬಿನ ಕೋಶಗಳು ಆರೋಗ್ಯವಾಗಿವೆ. ಕೋಶ ಒಂದೇ, ಮೀಡಿಯಾ ಒಂದೇ, ಕಾದ ಹೊತ್ತೂ ಒಂದೇ. ನಾನು ಮಾಡಿದ ತಪ್ಪು ಯಾವುದು?

ಕ್ಲೋನ್‌ಪ್ರಿಯ
ಮೊದಲು ಒಂದು ಪ್ರಶ್ನೆ. ಆ ಹಳೆಯ ವಯಲ್ ಮೇಲೆ ಕ್ಲೋನ್ ಹೆಸರು, ಅಂದರೆ ಆ ಪ್ರತಿಕಾಯ ತಯಾರಿಸುವ ಕೋಶ ಸಂತತಿಯ ಹೆಸರು, ಏನಿದೆ? "ಆಂಟಿ-ಫ್ಯಾಸ್" ಎಂದಷ್ಟೇ ಹೇಳಿದರೆ ಸಾಲದು. ಇಲ್ಲಿ ಎಲ್ಲವೂ ಆ ಹೆಸರಿನಲ್ಲೇ ಇದೆ.

ಮಿಂಚುಹುಳ
ಈಗಷ್ಟೇ ಹೋಗಿ ನೋಡಿ ಬಂದೆ ಸರ್. ಹಳೆಯದರ ಮೇಲೆ ಸಿಎಚ್11 ಎಂದಿದೆ. ಮುಗಿದುಹೋದ ಪಿಇ ವಯಲ್ ಮೇಲೆ ಡಿಎಕ್ಸ್2. ಎರಡೂ ಮನುಷ್ಯರ ಫ್ಯಾಸ್‌ಗೇ ಅಂಟುತ್ತವಲ್ಲ ಎಂದು ಒಂದೇ ಎಂದುಕೊಂಡಿದ್ದೆ.

ಕ್ಲೋನ್‌ಪ್ರಿಯ
ಉತ್ತರ ಅಲ್ಲೇ ಸಿಕ್ಕಿತು. ಸಿಎಚ್11 ಫ್ಯಾಸ್ ಅನ್ನು ಗುರುತಿಸಿ ಸುಮ್ಮನಾಗುವ ಪ್ರತಿಕಾಯವಲ್ಲ, ಫ್ಯಾಸ್ ಮೂಲಕ ಕೋಶವನ್ನು ಕೊಲ್ಲುವ ಪ್ರತಿಕಾಯ. ನೀವು ಕೋಶಗಳಿಗೆ ಸಾವಿನ ಆದೇಶ ಅಂಟಿಸಿ, ಆ ಆದೇಶ ಜಾರಿಯಾಗಲು ಬೇಕಾದ ಶಾಖವನ್ನೂ ಸಮಯವನ್ನೂ ಕೊಟ್ಟಿದ್ದೀರಿ. ನಿಮ್ಮ ಪ್ರಯೋಗ ಕೆಟ್ಟಿಲ್ಲ. ಬೇರೆ ಪ್ರಯೋಗವೊಂದು ಚೆನ್ನಾಗಿ ನಡೆದಿದೆ.

ಇದರ ಹಿಂದಿನ ಕಥೆ ಹೇಳಲೇಬೇಕು, ನನಗೆ ಬಹಳ ಇಷ್ಟವಾದ ಕಥೆ. ಸಾಮಾನ್ಯವಾಗಿ ಪ್ರೋಟೀನ್ ಒಂದನ್ನು ಕಂಡುಹಿಡಿಯುತ್ತಾರೆ, ನಂತರ ಅದನ್ನು ನೋಡಲು ಪ್ರತಿಕಾಯ ತಯಾರಿಸುತ್ತಾರೆ. ಫ್ಯಾಸ್ ವಿಷಯದಲ್ಲಿ ಆದದ್ದು ತಿರುವುಮುರುವು. 1989ರಲ್ಲಿ ಜಪಾನಿನಲ್ಲಿ ಶಿನ್ ಯೊನೆಹಾರಾ ಮತ್ತು ಸಂಗಡಿಗರು ಎಫ್‌ಎಸ್-7 ಎಂಬ ಮಾನವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಇಲಿಗೆ ಚುಚ್ಚಿ ಪ್ರತಿಕಾಯಗಳನ್ನು ಪಡೆದರು. ಅದರಲ್ಲೊಂದು ಕೋಶಗಳನ್ನು ಕೊಲ್ಲುತ್ತಿತ್ತು. ಅದು ಅಂಟುವ ಪ್ರೋಟೀನ್ ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಎಫ್‌ಎಸ್-7 ಕೋಶದ ಮೇಲ್ಮೈಯದ್ದು ಎಂಬ ಅರ್ಥದಲ್ಲಿ ಫ್ಯಾಸ್ ಎಂದು ಕರೆದರು. ಅದೇ ವರ್ಷ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೀಟರ್ ಕ್ರಾಮರ್ ತಂಡವೂ ಕೊಲ್ಲುವ ಪ್ರತಿಕಾಯವೊಂದನ್ನು ಪಡೆದು, ಅದರ ಗುರಿಗೆ ಅಪೋ-1 ಎಂದು ಹೆಸರಿಟ್ಟಿತು. 1991ರಲ್ಲಿ ಶಿಗೆಕಾಝು ನಗಾಟಾ ತಂಡ ಫ್ಯಾಸ್ ಜೀನನ್ನು ಹಿಡಿಯಿತು. ಫ್ಯಾಸ್, ಅಪೋ-1 ಎರಡೂ ಒಂದೇ ಎಂಬುದು ಆಮೇಲೆ ಖಚಿತವಾಯಿತು. ಅಂದರೆ ಈ ಗ್ರಾಹಕ ನಮಗೆ ಪರಿಚಯವಾದದ್ದೇ ಅದನ್ನು ಕೆರಳಿಸುವ ಪ್ರತಿಕಾಯದಿಂದ.

ಕೊಲ್ಲುವುದು ಹೇಗೆ? ಸಿಎಚ್11 ಐಜಿಎಂ ಬಗೆಯದು. ಐದು ತುಂಡು ಸೇರಿದ ಪ್ರತಿಕಾಯ, ಹತ್ತು ಹಿಡಿಗಳು. ಮೇಲ್ಮೈಯಲ್ಲಿ ಚದುರಿದ ಫ್ಯಾಸ್ ಅಣುಗಳನ್ನು ಅದು ಒಟ್ಟಿಗೆ ಎಳೆದು ಗುಂಪು ಮಾಡುತ್ತದೆ. ಗುಂಪಾದ ಕೂಡಲೇ ಒಳಬದಿಯಲ್ಲಿ, ಡೆತ್ ಡೊಮೇನ್ ಎಂಬ ಸುಮಾರು 80 ಅಮೈನೋ ಆಮ್ಲಗಳ ಭಾಗಕ್ಕೆ ಫ್ಯಾಡ್ ಎಂಬ ಪ್ರೋಟೀನ್ ಬಂದು ಸೇರುತ್ತದೆ. ಅದಕ್ಕೆ ಕ್ಯಾಸ್ಪೇಸ್-8 ಸೇರುತ್ತದೆ. ಅಲ್ಲಿಂದ ಮುಂದೆ ಅಪಾಪ್ಟೋಸಿಸ್, ಅಂದರೆ ಕೋಶ ತನ್ನನ್ನು ತಾನೇ ಕೊಂದುಕೊಳ್ಳುವುದು. ದೇಹದಲ್ಲಿ ಈ ಕೆಲಸ ಮಾಡುವುದು ಫ್ಯಾಸ್‌ಗೆ ಅಂಟುವ ಫ್ಯಾಸ್ ಲಿಗಾಂಡ್ ಎಂಬ ಪ್ರೋಟೀನ್; ಸಿಎಚ್11 ಅದರ ನಟನೆ ಮಾಡುತ್ತದೆ.

ಹಳೇಲೇಸರ್
ಕ್ಲೋನ್‌ಪ್ರಿಯ ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಡಿಎಕ್ಸ್2 ಐಜಿಜಿ1, ಎರಡೇ ಹಿಡಿ. ಆದ್ದರಿಂದ ಅದು ತೀರಾ ಸಾಧು ಎಂದು ತಿಳಿಯಬೇಡಿ. ಅದರ ಮೇಲೆ ಸೆಕೆಂಡರಿ ಪ್ರತಿಕಾಯ ಹಾಕಿದರೆ, ಆ ಸೆಕೆಂಡರಿಯೇ ಡಿಎಕ್ಸ್2ಗಳನ್ನು ಒಂದಕ್ಕೊಂದು ಕಟ್ಟುತ್ತದೆ, ಕೆಳಗಿನ ಫ್ಯಾಸ್‌ಗಳೂ ಗುಂಪಾಗುತ್ತವೆ. ಹಾಗಾಗಿ ಈ ಗ್ರಾಹಕಕ್ಕೆ ನೇರವಾಗಿ ಬಣ್ಣ ಕಟ್ಟಿದ ಪ್ರತಿಕಾಯವೇ ಸರಿ. ಸೆಕೆಂಡರಿ ಕೈಬಿಡಿ.

ಇನ್ನು ತಾಪಮಾನ. ಸ್ಟೈನ್ ಮಾಡುವಾಗಲೂ ಕಾಯುವಾಗಲೂ ಮಂಜುಗಡ್ಡೆಯ ಮೇಲೆ, ಕತ್ತಲಲ್ಲಿ. ತಣ್ಣಗಿದ್ದರೆ ಪೊರೆ ಬಿಗಿಯಾಗಿರುತ್ತದೆ, ಗ್ರಾಹಕಗಳು ಓಡಾಡಿ ಗುಂಪಾಗುವುದು ನಿಧಾನವಾಗುತ್ತದೆ, ಪ್ರತಿಕಾಯ ಅಂಟಿದ ಗ್ರಾಹಕವನ್ನು ಕೋಶ ಒಳಗೆ ಎಳೆದುಕೊಳ್ಳುವುದೂ ನಿಲ್ಲುತ್ತದೆ. 37 ಡಿಗ್ರಿಯಲ್ಲಿ ಇಟ್ಟರೆ ಕೋಶ ಅದನ್ನು ನುಂಗಬಹುದು. ಆಗ ನೀವು ಮೇಲ್ಮೈ ಅಳೆಯುತ್ತಿದ್ದೀರೋ, ಹೊಟ್ಟೆಯೊಳಗಿನದನ್ನು ಅಳೆಯುತ್ತಿದ್ದೀರೋ ತಿಳಿಯುವುದಿಲ್ಲ. ಕೋಶಗಳ ಮೇಲಿನ ಕರುಣೆಯಿಂದಲೇ ಇನ್‌ಕ್ಯುಬೇಟರ್‌ಗೆ ಇಟ್ಟಿರಿ, ಅದು ಅರ್ಥವಾಗುತ್ತದೆ. ಆದರೆ ಪ್ರತಿಕಾಯ ಅಂಟಿದ ಮೇಲೆ ಚಳಿಯೇ ಅವುಗಳಿಗೆ ಕರುಣೆ.

ಜಿಜ್ಞಾಸು
ನಾನು ಈ ಕ್ಷೇತ್ರದವನಲ್ಲ, ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಓದುತ್ತಾ ಹೋದಂತೆ ಕುತೂಹಲ ಹೆಚ್ಚಾಯಿತು. ಎರಡು ಸಂದೇಹ. ಪ್ರತಿಕಾಯಕ್ಕೆ ಬಣ್ಣ ಕಟ್ಟುವುದು ಅಂದರೇನು? ತನ್ನ ಮೈಮೇಲೆ ತನ್ನನ್ನೇ ಕೊಲ್ಲುವ ಗುಂಡಿಯನ್ನು ಜೀವಕೋಶ ಯಾಕೆ ಇಟ್ಟುಕೊಂಡಿದೆ?

ಹಳೇಲೇಸರ್
ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ ಮೇಷ್ಟ್ರೇ. ಪ್ರತಿಕಾಯ ಪಾರದರ್ಶಕ, ಅದು ಎಲ್ಲಿ ಅಂಟಿತು ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬೆಳಕು ನುಂಗಿ ಬೇರೆ ಬಣ್ಣದ ಬೆಳಕು ಉಗುಳುವ ಅಣುವನ್ನು ರಾಸಾಯನಿಕವಾಗಿ ಜೋಡಿಸುತ್ತಾರೆ. ಈ ಉಪಾಯವನ್ನು ಮೊದಲು ಮಾಡಿ ತೋರಿಸಿದವರು ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು, 1941ರಲ್ಲಿ, ನ್ಯುಮೋಕಾಕಸ್ ಬ್ಯಾಕ್ಟೀರಿಯಾ ನೋಡಲು.

ಎಫ್‌ಐಟಿಸಿ ಚಿಕ್ಕ ಅಣು. ನೀಲಿ ಲೇಸರ್ 488 ನ್ಯಾನೋಮೀಟರ್ ಬೆಳಕು ಹಾಯಿಸಿದರೆ 520ರ ಆಸುಪಾಸಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಪಿಇ ಅಂದರೆ ಫೈಕೋಎರಿಥ್ರಿನ್, ಕೆಂಪು ಪಾಚಿಗಳು ಬೆಳಕು ಹಿಡಿಯಲು ಬಳಸುವ ಪ್ರೋಟೀನ್. ತೂಕ ಸುಮಾರು 240 ಕಿಲೋಡಾಲ್ಟನ್, ಅದನ್ನು ಹೊತ್ತ ಪ್ರತಿಕಾಯದ್ದು 150. ಸವಾರ ಕುದುರೆಗಿಂತ ದೊಡ್ಡವನು! ಆದರೆ ಬೆಳಕು ಹಿಡಿಯುವ ಅಂಗಗಳು ಅದರಲ್ಲಿ ಹತ್ತಾರಿರುವುದರಿಂದ 578ರ ಹತ್ತಿರ ಕಿತ್ತಳೆ ಬಣ್ಣದಲ್ಲಿ ಬಹಳ ಪ್ರಖರವಾಗಿ ಹೊಳೆಯುತ್ತದೆ. ಫ್ಯಾಸ್‌ನಂಥ ಗ್ರಾಹಕ ಅನೇಕ ಕೋಶಗಳ ಮೇಲೆ ಕಡಿಮೆ ಸಂಖ್ಯೆಯಲ್ಲಿರುತ್ತದೆ. ಕೋಶಗಳಿಗೆ ತಮ್ಮದೇ ಆದ ಮಂದ ಹೊಳಪೂ ಇದೆ, ಅದು ಹಸಿರಿನಲ್ಲೇ ಹೆಚ್ಚು. ಆ ಹಸಿರು ಮಬ್ಬಿನಲ್ಲಿ ಎಫ್‌ಐಟಿಸಿಯ ಸಣ್ಣ ದೀಪ ಮುಳುಗಿಹೋಗುತ್ತದೆ, ಪಿಇ ಎದ್ದು ಕಾಣುತ್ತದೆ. ಮಿಂಚುಹುಳ ಅವರು ಪಿಇ ಆರಿಸಿಕೊಂಡದ್ದು ಸರಿಯಾಗಿತ್ತು. ಒಂದೇ ಮಾತು, ಪಿಇ ವಯಲನ್ನು ಎಂದೂ ಫ್ರೀಜರ್‌ಗೆ ಹಾಕಬಾರದು. 2ರಿಂದ 8 ಡಿಗ್ರಿಯಲ್ಲಿ, ಬೆಳಕು ಬೀಳದ ಹಾಗೆ ಇಡಬೇಕು.

ರಕ್ತಪರೀಕ್ಷಕಿ
ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ರೋಗನಿರೋಧಕ ಕೋಶಗಳ ಪರೀಕ್ಷಾಲಯದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ.

ಸೋಂಕು ಬಂದಾಗ ಅದರ ವಿರುದ್ಧದ ಟಿ ಕೋಶಗಳು ಸಾವಿರಪಟ್ಟು ಹೆಚ್ಚುತ್ತವೆ. ಸೋಂಕು ಹೋದ ಮೇಲೆ ಆ ಸೈನ್ಯವನ್ನು ವಾಪಸು ಕಳುಹಿಸಬೇಕು. ದೇಹದ ಮೇಲೆಯೇ ತಿರುಗಿಬೀಳುವ ಕೋಶಗಳನ್ನೂ ತೆಗೆಯಬೇಕು. ಫ್ಯಾಸ್ ಇರುವುದು ಆ ಕೆಲಸಕ್ಕೆ. ಫ್ಯಾಸ್ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಎಲ್‌ಪಿಆರ್ ಎಂಬ ಇಲಿ ತಳಿ ಉದಾಹರಣೆ: ದುಗ್ಧಗ್ರಂಥಿಗಳು ಊದಿಕೊಳ್ಳುತ್ತವೆ, ಲೂಪಸ್‌ನಂಥ ರೋಗ ಬರುತ್ತದೆ. ಅದರ ಮೂಲ ಫ್ಯಾಸ್ ಜೀನಿನಲ್ಲಿದೆ ಎಂದು 1992ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಇದೇ ಜೀನಿನ ದೋಷದಿಂದ ಬರುವ ಆಲ್ಪ್ಸ್ ಎಂಬ ಕಾಯಿಲೆಯನ್ನು 1995ರಲ್ಲಿ ವಿವರಿಸಿದರು. ಗುಂಡಿ ಅತಿಯಾಗಿ ಒತ್ತಿದರೂ ಅಪಾಯ. 1993ರಲ್ಲಿ ಇಲಿಗಳಿಗೆ ಜೋ2 ಎಂಬ, ಇಲಿಯ ಫ್ಯಾಸ್ ಕೆರಳಿಸುವ ಪ್ರತಿಕಾಯ ಚುಚ್ಚಿದಾಗ ಯಕೃತ್ತಿನ ಕೋಶಗಳು ಸತ್ತು, ಕೆಲವೇ ಗಂಟೆಗಳಲ್ಲಿ ಇಲಿಗಳೇ ಸತ್ತುಹೋದವು. ಪ್ರತಿಕಾಯವನ್ನು ಬರೀ ಬಣ್ಣದ ಕುಂಚ ಎಂದುಕೊಳ್ಳುವ ಹೊಸಬರಿಗೆ ನಾನು ಈ ಪ್ರಯೋಗವನ್ನೇ ಮೊದಲು ಹೇಳುತ್ತೇನೆ.

ಮಿಂಚುಹುಳ
ನಿಮ್ಮೆಲ್ಲರ ಉತ್ತರ ಓದಿ ಮನಸ್ಸು ಹಗುರಾಯಿತು. ಹಾಗಾದರೆ ಎಚ್‌ಟಿ-29 ಯಾಕೆ ಹೊಳೆಯುತ್ತಿಲ್ಲ? ಅದಕ್ಕೆ ಡಿಎಕ್ಸ್2 ಪಿಇಯನ್ನೇ ಹಾಕಿದ್ದೆ, ತಣ್ಣಗೂ ಇಟ್ಟಿದ್ದೆ.

ಕ್ಲೋನ್‌ಪ್ರಿಯ
ತಟ್ಟೆಯಿಂದ ಕೋಶಗಳನ್ನು ಹೇಗೆ ಬಿಡಿಸಿದಿರಿ?

ಮಿಂಚುಹುಳ
ಟ್ರಿಪ್ಸಿನ್. ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ಹಾಗಾಗಿ ಹದಿನೈದು ನಿಮಿಷ ಬಿಟ್ಟಿದ್ದೆ.

ಕ್ಲೋನ್‌ಪ್ರಿಯ
ಟ್ರಿಪ್ಸಿನ್ ಪ್ರೋಟೀನ್ ಕತ್ತರಿಸುವ ಕಿಣ್ವ. ತಟ್ಟೆಗೆ ಅಂಟಿಸಿರುವ ಪ್ರೋಟೀನ್ ಯಾವುದು, ನಿಮಗೆ ಬೇಕಾದ ಗ್ರಾಹಕ ಯಾವುದು ಎಂದು ಅದು ಭೇದ ಮಾಡುವುದಿಲ್ಲ. ಎಷ್ಟು ಕತ್ತರಿಸುತ್ತದೆ ಎಂಬುದು ಗ್ರಾಹಕ, ಪ್ರಮಾಣ, ಸಮಯ ಮೂರನ್ನೂ ಅವಲಂಬಿಸಿದೆ. ಊಹಿಸುತ್ತಾ ಕೂರುವ ಬದಲು ಹೀಗೆ ಮಾಡಿ: ಜರ್ಕಾಟ್‌ಗೆ ಟ್ರಿಪ್ಸಿನ್ ಬೇಕಾಗಿಲ್ಲ, ಅಲ್ಲವೇ? ಬೇಕಂತಲೇ ಅರ್ಧ ಜರ್ಕಾಟ್‌ಗೆ ಅದೇ ಟ್ರಿಪ್ಸಿನ್ ಹದಿನೈದು ನಿಮಿಷ ಹಾಕಿ, ಉಳಿದರ್ಧಕ್ಕೆ ಹಾಕಬೇಡಿ. ಎರಡನ್ನೂ ಒಂದೇ ರೀತಿ ಸ್ಟೈನ್ ಮಾಡಿ. ಹೊಳಪು ಇಳಿದರೆ ಕಳ್ಳ ಸಿಕ್ಕಿದ ಹಾಗೆ. ಎಚ್‌ಟಿ-29ಕ್ಕೆ ಇಡಿಟಿಎ ಮಾತ್ರ ಹಾಕಿ ಬಿಡಿಸಿ, ಅಥವಾ ಅಕ್ಯುಟೇಸ್‌ನಂಥ ಮೃದು ದ್ರಾವಣ ಬಳಸಿ. ಇಡಿಟಿಎ ಬಳಸಿದರೆ ಅನೆಕ್ಸಿನ್‌ಗೆ ಮೊದಲು ಚೆನ್ನಾಗಿ ತೊಳೆಯಿರಿ. ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು, ಇಡಿಟಿಎ ಅದೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ತಲೆಯಲ್ಲಿಟ್ಟುಕೊಳ್ಳಿ. ಎಲ್ಲ ಫ್ಯಾಸ್ ಮೇಲ್ಮೈಯಲ್ಲಿ ಇರುವುದಿಲ್ಲ. ಕೆಲವು ಕೋಶಗಳು ಅದನ್ನು ಒಳಗೆ ಗಾಲ್ಜಿ ಎಂಬ ಅಂಗಕದಲ್ಲಿ ಇಟ್ಟುಕೊಂಡಿದ್ದು, ಪಿ53 ಎಂಬ ಪ್ರೋಟೀನ್ ಸಕ್ರಿಯವಾದಾಗ ಮೇಲಕ್ಕೆ ಕಳುಹಿಸುತ್ತವೆ. ಒಳಗಿನದನ್ನೂ ನೋಡಬೇಕಾದರೆ ಕೋಶವನ್ನು ಫಿಕ್ಸ್ ಮಾಡಿ, ಸಪೋನಿನ್ ಹಾಕಿ ಪೊರೆಯಲ್ಲಿ ರಂಧ್ರ ಮಾಡಿ, ಆಮೇಲೆ ಸ್ಟೈನ್ ಮಾಡಬೇಕು. ಪಿಇ ಹಾಕಿದ ಮೇಲೆ ಮೆಥನಾಲ್ ಮಾತ್ರ ಬೇಡ, ಪಿಇ ಪ್ರೋಟೀನ್ ಆದ್ದರಿಂದ ಹಾಳಾಗುತ್ತದೆ.

ರಕ್ತಪರೀಕ್ಷಕಿ
ಮಿಂಚುಹುಳ, ಕಂಟ್ರೋಲ್ ಏನು ಇಟ್ಟಿದ್ದೀರಿ ಅಂತ ಬರೆದಿಲ್ಲ. ಐಸೋಟೈಪ್ ಕಂಟ್ರೋಲ್ ಇಲ್ಲದೆ ಯಾವ ಹೊಳಪನ್ನೂ ನಾನು ನಂಬುವುದಿಲ್ಲ. ಅದೇ ಐಜಿಜಿ1, ಅದೇ ಪಿಇ, ಆದರೆ ಯಾವುದನ್ನೂ ಗುರುತಿಸದ ಪ್ರತಿಕಾಯ. ಅದಕ್ಕಿಂತ ಹೆಚ್ಚು ಹೊಳೆದರೆ ಮಾತ್ರ ಫ್ಯಾಸ್.

ಹಳೇಲೇಸರ್
ಮೇಡಂ, ಇಲ್ಲಿ ನನಗೆ ಒಪ್ಪಿಗೆ ಇಲ್ಲ. ಬೇರೆ ಪ್ರತಿಕಾಯ, ಬೇರೆ ಬ್ಯಾಚ್, ಒಂದು ಪ್ರತಿಕಾಯಕ್ಕೆ ಎಷ್ಟು ಪಿಇ ಅಂಟಿದೆ ಎಂಬ ಲೆಕ್ಕವೂ ಬೇರೆ. ಅದರ ಹಿನ್ನೆಲೆ ಹೊಳಪು ನಮ್ಮ ಪ್ರತಿಕಾಯದ್ದೇ ಎಂದು ಹೇಳಲು ಆಧಾರವಿಲ್ಲ. ಐಸೋಟೈಪ್ ಹೊಳಪನ್ನು ಕಳೆದು "ಇಷ್ಟು ಶೇಕಡಾ ಪಾಸಿಟಿವ್" ಎಂದು ಗೆರೆ ಎಳೆಯುವುದರಿಂದ ಎಷ್ಟೋ ಮಂದ ಸಂಕೇತಗಳು ತಪ್ಪಿಹೋಗಿವೆ. ಎಲ್ಲ ಬಣ್ಣ ಹಾಕಿ ಪಿಇ ಒಂದನ್ನು ಬಿಡುವ ಎಫ್‌ಎಂಓ ಕಂಟ್ರೋಲ್ ಇಟ್ಟರೆ ಬೇರೆ ಬಣ್ಣಗಳ ಸೋರಿಕೆ ತಿಳಿಯುತ್ತದೆ.

ರಕ್ತಪರೀಕ್ಷಕಿ
ಎಫ್‌ಎಂಓ ಬಣ್ಣದ ಸೋರಿಕೆಯನ್ನು ಹೇಳುತ್ತದೆ, ಪ್ರತಿಕಾಯ ಸುಮ್ಮಸುಮ್ಮನೆ ಅಂಟುವುದನ್ನು ಹೇಳುವುದಿಲ್ಲ. ಮಾನೋಸೈಟ್‌ಗಳ ಎಫ್‌ಸಿ ಗ್ರಾಹಕಗಳು ಯಾವ ಪ್ರತಿಕಾಯವನ್ನಾದರೂ ಬಾಲದಿಂದ ಹಿಡಿಯುತ್ತವೆ. ರೋಗಿಗಳ ರಕ್ತದಲ್ಲಿ ಇದನ್ನು ದಿನವೂ ನೋಡುತ್ತೇನೆ.

ಹಳೇಲೇಸರ್
ಅದಕ್ಕೆ ಎಫ್‌ಸಿ ಬ್ಲಾಕ್ ಹಾಕುವುದು ಮೇಡಂ. ಜರ್ಕಾಟ್, ಎಚ್‌ಟಿ-29 ಎರಡೂ ಮಾನೋಸೈಟ್ ಅಲ್ಲವಾದ್ದರಿಂದ ಇವರಿಗೆ ಆ ತೊಂದರೆ ಕಡಿಮೆ.

ಕ್ಲೋನ್‌ಪ್ರಿಯ
ಇಬ್ಬರ ಮಾತಿಗೂ ಮೀರಿದ ಕಂಟ್ರೋಲ್ ಒಂದಿದೆ: ಕ್ರಿಸ್ಪರ್‌ನಿಂದ ಫ್ಯಾಸ್ ಜೀನ್ ತೆಗೆದ ಜರ್ಕಾಟ್. ಉಳಿದೆಲ್ಲವೂ ಅದೇ, ಫ್ಯಾಸ್ ಮಾತ್ರ ಇಲ್ಲ. ಅದರಲ್ಲೂ ಹೊಳೆದರೆ ಆ ಹೊಳಪು ಸುಳ್ಳು. ಒಮ್ಮೆ ಮಾಡಿಟ್ಟುಕೊಂಡರೆ ಪ್ರತಿ ಹೊಸ ಬ್ಯಾಚ್ ಪ್ರತಿಕಾಯವನ್ನೂ ಅದರ ಮೇಲೆ ಪರೀಕ್ಷಿಸಬಹುದು.

ರಕ್ತಪರೀಕ್ಷಕಿ
ಅದಕ್ಕೆ ನನ್ನ ತಕರಾರಿಲ್ಲ. ಆದರೆ ರೋಗಿಯ ರಕ್ತಕ್ಕೆ ಅಂಥ ಜೋಡಿ ಎಲ್ಲಿಂದ ತರಲಿ? ನನಗೆ ಆರೋಗ್ಯವಂತರ ರಕ್ತವನ್ನು ಅದೇ ದಿನ ಪಕ್ಕದಲ್ಲಿಟ್ಟು ನೋಡುವುದೇ ದಾರಿ. ಅದರಲ್ಲೊಂದು ಅನುಕೂಲವೂ ಇದೆ. ಇನ್ನೂ ಯಾವ ಸೋಂಕನ್ನೂ ಕಾಣದ ನೈವ್ ಟಿ ಕೋಶಗಳ ಮೇಲೆ ಫ್ಯಾಸ್ ಬಹಳ ಕಡಿಮೆ, ನೆನಪಿನ ಟಿ ಕೋಶಗಳ ಮೇಲೆ ಹೆಚ್ಚು. ಒಂದೇ ಟ್ಯೂಬಿನಲ್ಲಿ ಕಡಿಮೆ ಹೆಚ್ಚು ಎರಡೂ ಸಿಗುತ್ತವೆ, ಸ್ಟೈನ್ ಸರಿಯಾಗಿದೆಯೇ ಎಂದು ಅಲ್ಲೇ ತಿಳಿಯುತ್ತದೆ.

ಹಳೇಲೇಸರ್
ಇದು ನಿಜಕ್ಕೂ ಒಳ್ಳೆಯ ಉಪಾಯ, ಬರೆದಿಟ್ಟುಕೊಂಡೆ.

ಮಿಂಚುಹುಳ ಅವರಿಗೆ ಇನ್ನೆರಡು ಮಾತು. ಪ್ರತಿಕಾಯದ ಪ್ರಮಾಣವನ್ನು ವಯಲ್ ಜೊತೆ ಬಂದ ಚೀಟಿಯಲ್ಲಿದೆ ಎಂದು ಕಣ್ಣುಮುಚ್ಚಿ ಹಾಕಬೇಡಿ. ಅರ್ಧ, ಕಾಲು, ಅರೆಕಾಲು ಹೀಗೆ ಇಳಿಸುತ್ತಾ ಆರೇಳು ಟ್ಯೂಬು ಮಾಡಿ. ಪಾಸಿಟಿವ್ ನೆಗೆಟಿವ್ ನಡುವಿನ ಅಂತರ ಎಲ್ಲಿ ಅತಿ ಹೆಚ್ಚೋ ಅದು ನಿಮ್ಮ ಪ್ರಮಾಣ. ಹೆಚ್ಚು ಹಾಕಿದರೆ ಹಿನ್ನೆಲೆ ಏರುತ್ತದೆಯೇ ಹೊರತು ಫ್ಯಾಸ್ ಹೆಚ್ಚುವುದಿಲ್ಲ. ಫಲಿತಾಂಶ ಬರೆಯುವಾಗ ಸರಾಸರಿ ಬೇಡ, ಮೀಡಿಯನ್ ಕೊಡಿ. ನಾಲ್ಕು ಅತಿ ಪ್ರಖರ ಕೋಶಗಳು ಸರಾಸರಿಯನ್ನು ಎಳೆದುಕೊಂಡು ಹೋಗುತ್ತವೆ.

ಎರಡನೆಯದು ಸತ್ತ ಕೋಶಗಳ ವಿಷಯ, ಇದು ನಿಮ್ಮ ಪ್ರಯೋಗದ ಎದೆಗೇ ತಟ್ಟುವಂಥದ್ದು. ಪೊರೆ ಹರಿದ ಕೋಶ ಯಾವ ಪ್ರತಿಕಾಯವನ್ನಾದರೂ ಹೀರಿಕೊಂಡು ಹೊಳೆಯುತ್ತದೆ. ಅದಕ್ಕೆ ಎಲ್ಲರೂ ಸತ್ತವುಗಳನ್ನು ಬಣ್ಣದಿಂದ ಗುರುತಿಸಿ ಗೇಟ್‌ನಿಂದ, ಅಂದರೆ ಲೆಕ್ಕಕ್ಕೆ ಹಿಡಿಯುವ ಕೋಶಗಳ ಗುಂಪಿನಿಂದ, ಹೊರಗಿಡುತ್ತಾರೆ. ಬೇರೆ ಗ್ರಾಹಕಗಳಿಗೆ ಅದು ಸರಿ. ಆದರೆ ನೀವು ಔಷಧ ಕೊಟ್ಟು 24 ಗಂಟೆ ಆದ ಮೇಲೆ ಅಳೆಯುತ್ತಿದ್ದರೆ, ಫ್ಯಾಸ್ ಹೆಚ್ಚಿದ್ದ ಕೋಶಗಳೇ ಮೊದಲು ಸತ್ತು ಗೇಟ್‌ನಿಂದ ಆಚೆ ಹೋಗಿರಬಹುದು. ಉಳಿದವು ಫ್ಯಾಸ್ ಕಡಿಮೆ ಇದ್ದವು. ನೀವು "ಔಷಧ ಫ್ಯಾಸ್ ಇಳಿಸಿತು" ಎಂದು ಬರೆಯುತ್ತೀರಿ, ನಿಜಕ್ಕೂ ಆದದ್ದು ಅದರ ವಿರುದ್ಧ. ಮೂರು, ಆರು, ಹನ್ನೆರಡು ಗಂಟೆಗಳಲ್ಲೂ ಅಳೆಯಿರಿ. ಒಂದು ಜೊತೆ ಟ್ಯೂಬಿಗೆ ಕ್ಯಾಸ್ಪೇಸ್ ತಡೆಯುವ ಜೆಡ್-ವ್ಯಾಡ್ ಹಾಕಿದರೆ ಸಾವು ತಡೆದು, ಗ್ರಾಹಕ ಏರಿತೋ ಇಳಿಯಿತೋ ಬೇರೆಯಾಗಿ ನೋಡಬಹುದು.

ಕಾಯುವತಾಯಿ
ಕ್ಷಮಿಸಿ, ನಾನು ವಿಜ್ಞಾನಿ ಅಲ್ಲ. ಆಲ್ಪ್ಸ್ ಎಂಬ ಹೆಸರು ಹುಡುಕುತ್ತಾ ಇಲ್ಲಿಗೆ ಬಂದೆ. ನನ್ನ ಮಗನಿಗೆ ಆರು ವರ್ಷ. ಎರಡು ವರ್ಷದಿಂದ ಕುತ್ತಿಗೆಯಲ್ಲಿ ಗಂಟುಗಳಿವೆ, ಗುಲ್ಮ ದೊಡ್ಡದಾಗಿದೆ, ಪ್ಲೇಟ್‌ಲೆಟ್ ಇಳಿಯುತ್ತಲೇ ಇರುತ್ತದೆ. ಫ್ಲೋ ಪರೀಕ್ಷೆಯ ವರದಿಯಲ್ಲಿ "ಟಿ ಕೋಶಗಳ ಮೇಲೆ ಸಿಡಿ95 ಸಾಮಾನ್ಯ" ಎಂದು ಬಂದಿದೆ. ಅದನ್ನು ಓದಿ ಅತ್ತುಬಿಟ್ಟೆ, ಸಂತೋಷಕ್ಕೆ. ಆದರೆ ಡಾಕ್ಟರು ಜೀನ್ ಪರೀಕ್ಷೆ ಬೇಕೇ ಬೇಕು ಅನ್ನುತ್ತಿದ್ದಾರೆ. ಗ್ರಾಹಕ ಇದೆ ಎಂದು ಕಂಡ ಮೇಲೂ ಯಾಕೆ?

ರಕ್ತಪರೀಕ್ಷಕಿ
ಅಮ್ಮಾ, ನೀವು ಕ್ಷಮೆ ಕೇಳುವ ಅಗತ್ಯವಿಲ್ಲ, ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಮಗನ ವರದಿಯನ್ನು ನಾನು ನೋಡಿಲ್ಲ, ಹಾಗಾಗಿ ಅವನಿಗೆ ಏನಿದೆ ಏನಿಲ್ಲ ಎಂದು ಹೇಳಲಾರೆ. ಡಾಕ್ಟರು ಯಾಕೆ ಬಿಡುತ್ತಿಲ್ಲ ಎಂಬುದನ್ನು ಮಾತ್ರ ವಿವರಿಸುತ್ತೇನೆ.

ನಾವು ಹಾಕುವ ಹೊಳೆಯುವ ಪ್ರತಿಕಾಯ ಗ್ರಾಹಕದ ಹೊರಭಾಗಕ್ಕೆ ಅಂಟುತ್ತದೆ. ಬಾಗಿಲ ಹೊರಗಿನ ಕರೆಗಂಟೆಯ ಗುಂಡಿ ಇದೆಯೇ ಎಂದು ನೋಡಿದ ಹಾಗೆ. ಗೋಡೆಯೊಳಗಿನ ತಂತಿ ತುಂಡಾಗಿದ್ದರೆ ಅದು ಹೊರಗಿನಿಂದ ಕಾಣುವುದಿಲ್ಲ. ಆಲ್ಪ್ಸ್ ಇರುವ ಬಹಳ ಮಕ್ಕಳಲ್ಲಿ ದೋಷ ಇರುವುದು ಒಳಗಿನ ತಂತಿಯಲ್ಲಿ, ಕ್ಲೋನ್‌ಪ್ರಿಯ ಮೇಲೆ ಹೇಳಿದ ಡೆತ್ ಡೊಮೇನಿನಲ್ಲಿ. ಅಂಥವರಲ್ಲಿ ಮೇಲ್ಮೈ ಸಿಡಿ95 ಸಾಮಾನ್ಯವಾಗಿಯೇ ಕಾಣಬಹುದು.

ಫ್ಯಾಸ್ ಜೀನ್ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದೇ ಕೆಟ್ಟಿದ್ದರೂ ಕಾಯಿಲೆ ಬರಬಹುದು. ಫ್ಯಾಸ್ ಮೂರು ಮೂರಾಗಿ ಸೇರಿ ಕೆಲಸ ಮಾಡುತ್ತದೆ. ಒಳ್ಳೆಯವೂ ಕೆಟ್ಟವೂ ಅರ್ಧರ್ಧ ಬೆರೆತರೆ, ಮೂರಕ್ಕೆ ಮೂರೂ ಒಳ್ಳೆಯವು ಆಗುವ ಗುಂಪು ಎಂಟರಲ್ಲಿ ಒಂದು. ಉಳಿದ ಏಳರಲ್ಲಿ ಕೆಟ್ಟದ್ದು ಒಂದಾದರೂ ಇರುತ್ತದೆ. ಕೆಲವರಲ್ಲಿ ದೋಷ ಹುಟ್ಟಿನಿಂದ ಎಲ್ಲ ಕೋಶಗಳಲ್ಲಿ ಇರದೆ, ಕೆಲವು ರಕ್ತಕೋಶಗಳಲ್ಲಿ ಮಾತ್ರ ನಂತರ ಬಂದಿರುತ್ತದೆ. ಅದಕ್ಕೇ ಯಾವ ಕೋಶಗಳಿಂದ ಜೀನ್ ನೋಡಬೇಕು ಎಂಬುದನ್ನೂ ಡಾಕ್ಟರು ಯೋಚಿಸುತ್ತಾರೆ.

ವರದಿಯಲ್ಲಿ "ಡಬಲ್ ನೆಗೆಟಿವ್ ಟಿ ಕೋಶ" ಎಂಬ ಸಾಲು ಇದೆಯೇ ನೋಡಿ. ಆಲ್ಫಾ-ಬೀಟಾ ಗ್ರಾಹಕ ಇದ್ದು ಸಿಡಿ4 ಸಿಡಿ8 ಎರಡೂ ಇಲ್ಲದ ಟಿ ಕೋಶಗಳು ಅವು. 2010ರ ಮಾನದಂಡದ ಪ್ರಕಾರ, ಲಿಂಫೋಸೈಟ್ ಸಂಖ್ಯೆ ಕಡಿಮೆ ಇಲ್ಲದಿದ್ದಾಗ ಒಟ್ಟು ಲಿಂಫೋಸೈಟ್‌ಗಳಲ್ಲಿ ಅವು ಶೇಕಡಾ 1.5ಕ್ಕೆ ಮುಟ್ಟಿದರೆ ಅಥವಾ ಸಿಡಿ3 ಕೋಶಗಳಲ್ಲಿ 2.5ಕ್ಕೆ ಮುಟ್ಟಿದರೆ ಗಮನಿಸಬೇಕು. ರಕ್ತದ ವಿಟಮಿನ್ ಬಿ12 ಮತ್ತು ಕರಗಿದ ಫ್ಯಾಸ್ ಲಿಗಾಂಡ್ ಈ ಕಾಯಿಲೆಯಲ್ಲಿ ಏರಿರುತ್ತವೆ, ಅವನ್ನೂ ಕೇಳಿರಬಹುದು. ಈ ಸಂಖ್ಯೆಗಳನ್ನು ನೀವೇ ತೂಗಿ ನಿರ್ಧರಿಸಬೇಡಿ, ಡಾಕ್ಟರ ಮುಂದೆ ಇಟ್ಟು ಒಂದೊಂದಾಗಿ ಕೇಳಿ. ಜೀನ್ ಪರೀಕ್ಷೆಗೆ ಹೆದರಬೇಡಿ. ಹೆಸರು ಗೊತ್ತಾದ ಕಾಯಿಲೆಗೆ ಸರಿಯಾದ ಔಷಧ ಆರಿಸುವುದು ಸುಲಭ, ಗುಲ್ಮ ತೆಗೆಯುವಂಥ ಬೇಡದ ಶಸ್ತ್ರಚಿಕಿತ್ಸೆಯನ್ನೂ ತಪ್ಪಿಸಬಹುದು.

ಕಾಯುವತಾಯಿ
ಕರೆಗಂಟೆಯ ಮಾತು ಅರ್ಥವಾಯಿತು ಅಕ್ಕಾ. ವರದಿಯಲ್ಲಿ ಆ ಸಾಲು ಇದೆ, 4.1 ಎಂದಿದೆ. ನಾಳೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಜೀನ್ ಪರೀಕ್ಷೆಗೆ ರಕ್ತ ಕೊಟ್ಟೇ ಬರುತ್ತೇವೆ.

ರಕ್ತಪರೀಕ್ಷಕಿ
ಹೋಗಿ ಬನ್ನಿ. ಆ ಸಾಲನ್ನು ಮರೆಯದೆ ತೋರಿಸಿ. ಮಗ ಹೇಗಿದ್ದಾನೆ ಅಂತ ಇಲ್ಲಿ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಮಿಂಚುಹುಳ
ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಆ ತಾಯಿಯ ಪ್ರಶ್ನೆ ಓದಿದ ಮೇಲೆ ನನ್ನ ಟ್ಯೂಬುಗಳನ್ನು ನೋಡುವ ರೀತಿಯೇ ಬದಲಾಯಿತು, ಅದನ್ನು ಹೇಳಲೇಬೇಕು.

ಟ್ರಿಪ್ಸಿನ್ ಪರೀಕ್ಷೆ ಮಾಡಿದೆ. ಟ್ರಿಪ್ಸಿನ್ ಹಾಕಿದ ಜರ್ಕಾಟ್‌ನ ಮೀಡಿಯನ್, ಹಾಕದ್ದರ ಅರ್ಧಕ್ಕಿಂತ ಕೆಳಗೆ ಬಂತು. ಕಳ್ಳ ಸಿಕ್ಕಿದ. ಎಚ್‌ಟಿ-29 ಅನ್ನು ಇಡಿಟಿಎಯಲ್ಲಿ ತಾಳ್ಮೆಯಿಂದ ಬಿಡಿಸಿ, ಹೊಸ ಡಿಎಕ್ಸ್2 ಪಿಇ ಹಾಕಿದಾಗ ಸಂಕೇತ ಬಂತು. ಇಂಟರ್‌ಫೆರಾನ್ ಕೊಟ್ಟದ್ದರಲ್ಲಿ ಇನ್ನೂ ಬಲಕ್ಕೆ ಹೋಯಿತು. ಪ್ರಮಾಣ ಇಳಿಸಿ ನೋಡಿದಾಗ ಚೀಟಿಯಲ್ಲಿದ್ದುದರ ಕಾಲು ಭಾಗವೇ ಸಾಕಾಯಿತು.

ಸಿಎಚ್11 ಪ್ರಯೋಗವನ್ನು ಈ ಸಲ ಬೇಕೆಂದೇ ಮಾಡಿದೆ. ಮಂಜುಗಡ್ಡೆಯ ಮೇಲೆ ಮೂರು ಗಂಟೆ ಇದ್ದ ಜರ್ಕಾಟ್ ಸ್ಟೈನ್ ಮಾಡದ್ದರಂತೆಯೇ ಇತ್ತು. 37 ಡಿಗ್ರಿಯಲ್ಲಿದ್ದದ್ದು ಸತ್ತಿತು. 37 ಡಿಗ್ರಿಯಲ್ಲೇ ಜೆಡ್-ವ್ಯಾಡ್ ಜೊತೆ ಇದ್ದದ್ದು ಉಳಿಯಿತು. ನೇರ ಬಣ್ಣದ ಡಿಎಕ್ಸ್2 ತಣ್ಣಗಿಟ್ಟಾಗ ಏನೂ ಆಗಲಿಲ್ಲ.

ಒಂದು ಹೊಸ ಪ್ರಶ್ನೆ. ಇಂಟರ್‌ಫೆರಾನ್ ಕೊಟ್ಟ ಎಚ್‌ಟಿ-29 ಸಿಎಚ್11ಗೆ ಚೆನ್ನಾಗಿ ಸಾಯುತ್ತಿದೆ, ಕೊಡದ್ದು ಅಷ್ಟಾಗಿ ಸಾಯುತ್ತಿಲ್ಲ. ಫ್ಯಾಸ್ ಹೆಚ್ಚಿದ್ದರಿಂದ ಸಾವು ಹೆಚ್ಚಿತು ಎಂದು ಬರೆಯಬಹುದೇ?

ಕ್ಲೋನ್‌ಪ್ರಿಯ
ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ, ನೋಡಿ ಖುಷಿಯಾಯಿತು. ಆದರೆ ಹಾಗೆ ಬರೆಯಬೇಡಿ. ಇಂಟರ್‌ಫೆರಾನ್ ಗಾಮಾ ಕ್ಯಾಸ್ಪೇಸ್-8 ಮುಂತಾದವನ್ನೂ ಏರಿಸುತ್ತದೆ. ಗುಂಡಿ ದೊಡ್ಡದಾದದ್ದರಿಂದ ಗಂಟೆ ಜೋರಾಯಿತೋ, ಒಳಗಿನ ತಂತಿ ದಪ್ಪವಾದದ್ದರಿಂದಲೋ ನಿಮ್ಮ ಹಿಸ್ಟೋಗ್ರಾಮ್ ಹೇಳಲಾರದು. ನಿಮ್ಮ ಜರ್ಕಾಟ್ ಕೂಡ ಇದಕ್ಕೆ ಸಾಕ್ಷಿ. 1998ರಲ್ಲಿ ಪೀಟರ್ ಕ್ರಾಮರ್ ಮತ್ತು ಮಾರ್ಕಸ್ ಪೀಟರ್ ತಂಡಗಳು ತೋರಿಸಿದ ಹಾಗೆ, ಎಸ್‌ಕೆಡಬ್ಲ್ಯೂ6.4ನಂಥ ಒಂದನೇ ಬಗೆಯ ಕೋಶಗಳಲ್ಲಿ ಫ್ಯಾಸ್ ಕೆಳಗೆ ಸಾಕಷ್ಟು ಕ್ಯಾಸ್ಪೇಸ್-8 ಎದ್ದು ನೇರವಾಗಿ ಕೊಲ್ಲುತ್ತದೆ. ಜರ್ಕಾಟ್ ಎರಡನೇ ಬಗೆಯದು. ಅಲ್ಲಿ ಏಳುವ ಕ್ಯಾಸ್ಪೇಸ್-8 ಕಡಿಮೆ, ಮೈಟೋಕಾಂಡ್ರಿಯಾದ ಸಹಾಯ ಬೇಕು. ಎರಡರ ಮೇಲೂ ಫ್ಯಾಸ್ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಸಾವಿನ ದಾರಿ ಬೇರೆ.

"ಇಂಟರ್‌ಫೆರಾನ್ ಕೊಟ್ಟಾಗ ಮೇಲ್ಮೈ ಫ್ಯಾಸ್ ಏರಿತು, ಸಿಎಚ್11ಗೆ ಸಂವೇದನೆಯೂ ಏರಿತು" ಎಂದು ಎರಡು ವಾಕ್ಯ ಬರೆಯಿರಿ. ನಡುವೆ "ಆದ್ದರಿಂದ" ಬೇಡ. ಅದು ಬೇಕೆಂದರೆ ಫ್ಯಾಸ್ ಮಾತ್ರ ಹೆಚ್ಚಿಸಿದ ಕೋಶ ಮಾಡಿ ನೋಡಬೇಕು.

ಮಿಂಚುಹುಳ
ಹಾಗೆಯೇ ಬರೆಯುತ್ತೇನೆ ಸರ್. ಇವತ್ತು ಫ್ರಿಜ್‌ನ ಎರಡೂ ವಯಲ್‌ಗಳಿಗೆ ಹೊಸ ಚೀಟಿ ಅಂಟಿಸಿದೆ. ಒಂದಕ್ಕೆ "ಡಿಎಕ್ಸ್2 ಪಿಇ, ನೋಡಲು, ಮಂಜುಗಡ್ಡೆಯ ಮೇಲೆ ಮಾತ್ರ". ಇನ್ನೊಂದಕ್ಕೆ ಕೆಂಪು ಶಾಯಿಯಲ್ಲಿ "ಸಿಎಚ್11, ಕೊಲ್ಲುತ್ತದೆ".

ಹಳೇಲೇಸರ್
ಆ ಕೆಂಪು ಚೀಟಿಯ ಕೆಳಗೆ ಇನ್ನೊಂದು ಪದ ಸೇರಿಸಿ: ಅಜೈಡ್ ಇದೆಯೋ ಇಲ್ಲವೋ. ಎಷ್ಟೋ ವಯಲ್‌ಗಳಲ್ಲಿ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕಿರುತ್ತಾರೆ. ಸ್ಟೈನ್ ಮಾಡಲು ಅದು ಒಳ್ಳೆಯದೇ, ಗ್ರಾಹಕ ಒಳಗೆ ಹೋಗುವುದನ್ನು ತಡೆಯುತ್ತದೆ. ಆದರೆ ಕೊಲ್ಲುವ ಪ್ರಯೋಗದಲ್ಲಿ ಅಜೈಡ್ ತಾನೇ ಕೋಶಗಳನ್ನು ಕೊಲ್ಲಬಹುದು, ಆಗ ಅದರ ತಪ್ಪನ್ನು ಫ್ಯಾಸ್ ತಲೆಗೆ ಕಟ್ಟುತ್ತೀರಿ.

ಮಿಂಚುಹುಳ
ನೋಡಿದೆ, ಅಜೈಡ್ ಇಲ್ಲ. ಅದನ್ನೂ ಬರೆದು ಅಂಟಿಸಿದೆ.